ಗಟ್ಟಿ ಸೀಲು

ಮೊನ್ನೆ ಚಿಕ್ಕಮಗಳೂರಿನ ಒಂದು ಕೌಂಟರಿನ ಮುಂದೆ, ಬದುಕಿದ್ದೇನೆಂದು ರುಜುವಾತು ಮಾಡಲು ಸರತಿಯಲ್ಲಿ ನಿಂತಿದ್ದೆ. ಪಿಂಚಣಿದಾರನಿಗೆ ವರ್ಷಕ್ಕೊಮ್ಮೆ ಈ ಪರೀಕ್ಷೆ, ಇದುವರೆಗೆ ಪಾಸಾಗಿದ್ದೇನೆ. ಒಳಗೆ ಯಾರೋ ಸ್ಟಾಂಪ್ ಪ್ಯಾಡಿನ ಡಬ್ಬಿ ತೆರೆದರು. ನೇರಳೆ ಶಾಯಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಬಾಯೆಲ್ಲ ಕಹಿಯಾಯಿತು.

ನಾನು ಗುಮಾಸ್ತನಾಗಿದ್ದದ್ದು ಈ ಕಾಫಿ ಗುಡ್ಡಗಳ ನಡುವಿನ ಒಂದು ಕಚೇರಿಯಲ್ಲಿ. ಊರು ಯಾವುದೆಂದು ಕೇಳಬೇಡಿ. ಅಲ್ಲಿ ಕಡತಗಳಿಗೆ ಬೂಷ್ಟು ಹಿಡಿಯುತ್ತಿತ್ತು, ನಮಗೂ. ಅರ್ಜಿಗೆ ಸರ್ಕಾರ ಕೊಡುವ ಉತ್ತರಕ್ಕೆ ನಾವು ಹಿಂಬರಹ ಎನ್ನುತ್ತಿದ್ದೆವು. ಕೆಲಸಕ್ಕೆ ಸೇರಿದ ದಿನವೇ ಶಿರಸ್ತೇದಾರರು ಉಪದೇಶ ಮಾಡಿದ್ದರು: "ಹಿಂಬರಹ ಕೊಡೋದಷ್ಟೇ ನಮ್ಮ ಕೆಲ್ಸ ಮಾರಾಯ. ಓದಿ ಹೇಳೋಕೆ ಕೂತ್ರೆ ನೀನು ಊಟಕ್ಕೆ ಏಳೋದಿಲ್ಲ." ಊಟದ ವಿಷಯದಲ್ಲಿ ನಾನು ಬಹಳ ವಿಧೇಯ ಶಿಷ್ಯ.

ಸೀತಮ್ಮ ತೋಟದ ಕೂಲಿಗಳ ಲೈನು ಮನೆ ಬಿಟ್ಟು, ರಸ್ತೆ ಬದಿಯ ಸರ್ಕಾರಿ ಜಾಗದಲ್ಲಿ ಗುಡಿಸಲು ಹಾಕಿಕೊಂಡಿದ್ದ ಹೆಂಗಸು. ಆ ಜಾಗಕ್ಕೆ ಹಕ್ಕುಪತ್ರ ಕೇಳಿ ಎರಡು ವರ್ಷ ಅಲೆದಿದ್ದಳು. ಕೊನೆಗೆ ಬಂದ ಹಿಂಬರಹದಲ್ಲಿದ್ದದ್ದು ಎರಡೇ ಸಾಲು: ಅರ್ಜಿಯನ್ನು ತಿರಸ್ಕರಿಸಲಾಗಿದೆ, ಮೂವತ್ತು ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಅವಳಿಗೆ ಓದು ಬಾರದು. ಕಾಗದವನ್ನು ಕಣ್ಣಿಗೊತ್ತಿಕೊಂಡು, "ಸೀಲು ಸ್ವಲ್ಪ ಗಟ್ಟಿ ಹೊಡ್ಕೊಡಿ ಅಯ್ಯಾ, ಅಳಿಸಿ ಹೋಗ್ಬಾರ್ದು" ಎಂದಳು. ಅದನ್ನೇ ಹಕ್ಕುಪತ್ರವೆಂದು ತಿಳಿದಿದ್ದಾಳೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ಗಡಿಯಾರದಲ್ಲಿ ಒಂದೂವರೆ, ಡಬ್ಬಿಯಲ್ಲಿ ಚಿತ್ರಾನ್ನ. ಹೇಳಿದರೆ ಅಳುತ್ತಾಳೆ, ಅತ್ತರೆ ಅರ್ಧ ಗಂಟೆ. ಮೈಭಾರವೆಲ್ಲ ಹಾಕಿ ಸೀಲು ಹೊಡೆದು ಕೊಟ್ಟೆ.

ಮೂರು ತಿಂಗಳಿಗೆ ಗುಡಿಸಲು ಕಿತ್ತರು. ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ನನ್ನ ಮೇಜಿನ ಮುಂದೆ ಬಂದು ನಿಂತಳು. ಬೈಯಲಿಲ್ಲ. "ಸೀಲಿದೆಯಲ್ಲ ಅಯ್ಯಾ, ನೀವೇ ಹೊಡ್ದಿದ್ದು" ಎಂದಳು, ಅಷ್ಟೇ. ಆಗ ಓದಿ ಹೇಳಿದೆ, ಅವಧಿ ಮೀರಿದೆ ಎಂದೂ ಸೇರಿಸಿದೆ. ಓದಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಅವಳು ಸಂಸೆ ಕಡೆ ಯಾವುದೋ ತೋಟದ ಲೈನಿಗೇ ವಾಪಸು ಹೋದಳಂತೆ. ನನಗೆ ಬಡ್ತಿ ಸಿಕ್ಕಿತು. ಥೂ, ಅದನ್ನು ಹೇಳಿಕೊಳ್ಳಲೂ ನಾಚಿಕೆ.

ಅಷ್ಟರಲ್ಲಿ ನನ್ನ ಸರದಿ ಬಂತು. ಕೌಂಟರಿನಾಕೆ ಕೊಟ್ಟ ಸ್ವೀಕೃತಿಯಲ್ಲಿ ಸೀಲು ಮಸುಕಾಗಿತ್ತು. "ಸ್ವಲ್ಪ ಗಟ್ಟಿ ಹೊಡೀರಿ" ಎಂದವನು ನನ್ನ ಮಾತಿಗೆ ನಾನೇ ಬೆಚ್ಚಿದೆ. ಆಕೆ ಇನ್ನೊಮ್ಮೆ ಒತ್ತಿದಳು. ಕಾಗದವನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ನೋಡಿದೆ. ನನ್ನ ಹಿಂದೆ ಅಷ್ಟುದ್ದ ಸಾಲಿತ್ತು. ಆದರೂ, "ಕನ್ನಡಕ ತಂದಿಲ್ವಾ ಸಾರ್? ತಡೀರಿ, ಓದಿ ಹೇಳ್ತೀನಿ" ಎಂದಳು. ಓದಿಯೂ ಹೇಳಿದಳು.

ಗೋಡೆಯ ಗಡಿಯಾರ ನೋಡಿದೆ. ಒಂದೂವರೆ ದಾಟಿತ್ತು. ಆವತ್ತು ಇಷ್ಟು ಮಾಡಲು ನನಗೆ ಏನು ಧಾಡಿಯಾಗಿತ್ತು?