ಭಾವನ ಒಂಟಿ ಸೀಟು

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಆತನನ್ನು ಹೆಂಡತಿಯ ತಂಗಿ ‘ಭಾವ’ ಎನ್ನುತ್ತಿದ್ದಳು. ಅದನ್ನು ಕೇಳಿ ಕೇಳಿ ಇಡೀ ಬೀದಿಗೇ ಅವನು ಭಾವನಾದ. ಸಂಬಂಧ ಹಚ್ಚಿಕೊಂಡ ಮೇಲೆ ಸವಾರಿ ಕೇಳಲು ಸಂಕೋಚವೇನು? ಅತ್ತೆಯ ಹಲ್ಲುನೋವು, ನಾದಿನಿಯ ಟೈಪಿಂಗ್ ಕ್ಲಾಸು, ಪಕ್ಕದ ಮನೆಯವರ ಗ್ಯಾಸ್ ಸಿಲಿಂಡರು, ಎಲ್ಲವೂ ಅವನ ಹಳೇ ಬೈಕಿನ ಹಿಂದಿನ ಸೀಟಿಗೇ ಬಂದು ಕೂರುತ್ತಿದ್ದವು.

ಕೂತವರು ಬಾಯಿ ಮುಚ್ಚಿ ಕೂರುತ್ತಿರಲಿಲ್ಲ. ಅತ್ತೆ ಹೆಗಲು ಹಿಡಿದು ಊರ ಸುದ್ದಿಯನ್ನೆಲ್ಲ ಕಿವಿಗೆ ಸುರಿಯುತ್ತಿದ್ದರು. ಹೆಂಡತಿಯಂತೂ ಮೈಲಿ ದೂರದ ಲಾರಿ ಕಂಡರೂ ಅವನ ಪಕ್ಕೆ ಹಿಂಡುತ್ತಿದ್ದಳು. ಭಾವನ ಆಸೆ ಒಂದೇ: ದಿನಕ್ಕೊಮ್ಮೆಯಾದರೂ ಬೆನ್ನ ಹಿಂದೆ ಯಾರೂ ಇಲ್ಲದೆ ಮನೆ ಸೇರಬೇಕು. ಆದರೆ ‘ಆಗಲ್ಲ’ ಅನ್ನಲು ಅವನಿಗೆ ನಾಲಿಗೆ ಹೊರಳುತ್ತಿರಲಿಲ್ಲ.

ಆ ಕೆಲಸವನ್ನು ಬೈಕಿನ ಕೈಲೇ ಮಾಡಿಸಬಹುದೆಂದು, ಹೆಂಡತಿಯ ಜೊತೆ ಹೊಸ ಬೈಕು ನೋಡಲು ಹೋದ ಶೋರೂಮಿನಲ್ಲಿ ಹೊಳೆಯಿತು. ಒಂದೇ ಇಂಜಿನ್ನು, ಎರಡು ರೂಪ. ಸಾಮಾನ್ಯದ್ದಕ್ಕೆ ಇಬ್ಬರ ಸೀಟು, ಎತ್ತರದ ಹ್ಯಾಂಡಲ್ಲು, ಮೆತ್ತಗಿನ ಸಸ್ಪೆನ್ಶನ್ನು. ರೇಸಿನದ್ದಕ್ಕೆ ತಗ್ಗಿದ ಹ್ಯಾಂಡಲ್ಲು, ಹಿಂದಕ್ಕೆ ಸರಿದ ಫುಟ್‌ರೆಸ್ಟು, ಕಲ್ಲಿನಂಥ ಸಸ್ಪೆನ್ಶನ್ನು. ಹಿಂದಿನವರು ಕೂರುವ ಜಾಗದಲ್ಲಿ ಚೂಪು ಬಾಲ.

“ಸೀಟು ತೆಗ್ದಿದಾರೆ, ಸುಖ ತೆಗ್ದಿದಾರೆ. ರೇಟ್ ಯಾಕ್ರೀ ಜಾಸ್ತಿ?” ಎಂದಳು ಹೆಂಡತಿ.

“ತೂಕ ಕಮ್ಮಿ ಕಣೇ.”

“ನಿಮ್ಮ ಹೊಟ್ಟೆ ಇಳಿಸಿದ್ರೆ ಪುಕ್ಕಟೆ ಆಗ್ತಿತ್ತು.”

ಭಾವ ರೇಸಿನದ್ದನ್ನೇ ತಂದ. ಎಲ್ಲಿ ಕೂರುವುದೆಂದು ಅತ್ತೆ ಅದರ ಸುತ್ತ ಹುಡುಕಾಡಿದರು. ಕಂಪನಿಯವರು ಸೀಟೇ ಕೊಟ್ಟಿಲ್ಲವೆಂದು ಅವನು ಮುಖ ಸಪ್ಪಗೆ ಮಾಡಿ ಹೇಳಿದ, ಒಳಗೊಳಗೇ ಕುಣಿಯುತ್ತಿದ್ದ. ಮರುದಿನದಿಂದ ಕಪ್ಪೆಯಂತೆ ಬಗ್ಗಿ ಹೊರಟ. ಮಣಿಕಟ್ಟು ನೋಯಿತು, ರಸ್ತೆಯ ಪ್ರತಿ ಉಬ್ಬಿಗೂ ಹಲ್ಲು ಕಟಕಟಿಸಿತು, ಟ್ರಾಫಿಕ್ಕಿನಲ್ಲಿ ಸೈಕಲ್ಲಿನವರೂ ಅವನನ್ನು ಹಿಂದೆ ಹಾಕಿದರು. ಬೆನ್ನು ಮಾತ್ರ ಹಗುರವಾಗಿತ್ತು.

ಇತ್ತ ಹೆಂಡತಿ ಸ್ಕೂಟರ್ ಕಲಿತು ಒಂದನ್ನು ತಂದೇಬಿಟ್ಟಳು. ಜನ ಅವಳ ಹಿಂದೆ ಕೂತರು. ಜನರ ಜೊತೆಗೆ ಮನೆಯ ಮಾತೂ ಅಲ್ಲಿಗೇ ಹೋಯಿತು.

ಒಂದು ಸಂಜೆ ಮನೆಗೆ ಬಂದರೆ ಪಾತ್ರೆಗಳೆಲ್ಲ ಡಬ್ಬ ಸೇರಿವೆ, ಪರದೆ ಕಳಚಿದೆ. ಏನಿದು ಎಂದ.

“ಮನೆ ಬದಲಾಯಿಸ್ತಿದೀವಲ್ಲ, ಅಳಿಯಂದ್ರೇ,” ಎಂದರು ಅತ್ತೆ.

“ಯಾರು ಹೇಳಿದ್ರು?”

“ಯಾಕೆ ಭಾವ, ಗಾಡೀಲೇ ಅಲ್ವಾ ಎಲ್ರೂ ಮಾತಾಡಿದ್ದು?” ಎಂದಳು ನಾದಿನಿ, ತಟ್ಟನೆ ತಡೆದಳು. “ಓ, ಅದು ಅಕ್ಕನ ಗಾಡಿ.”

ಇಸ್ತ್ರಿಯವನಿಗೂ ಹಾಲಿನವನಿಗೂ ಹೊಸ ವಿಳಾಸ ಗೊತ್ತಿತ್ತು. ಮರುದಿನ ಭಾವ ಶೋರೂಮಿಗೆ ಓಡಿ, ಹಿಂದೊಂದು ಸೀಟು ಕೂರಿಸಬಹುದೇ ಎಂದು ವಿಚಾರಿಸಿದ. ಆ ಬಾಲ ಮನುಷ್ಯರ ಭಾರ ತಡೆಯುವುದಿಲ್ಲ ಎಂದರು ಅಲ್ಲಿನವರು.

ಭಾನುವಾರ ಹೊಸ ಮನೆ ನೋಡಲು ಹೆಂಡತಿಯ ಸ್ಕೂಟರಿನ ಹಿಂದೆ ಅವಳ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತ. ಕೋಣೆ ದೊಡ್ಡದು, ನೀರು ಧಾರಾಳ, ಗಾಡಿ ನಿಲ್ಲಿಸಲು ಮಾತ್ರ ಒಂದಕ್ಕೇ ಜಾಗ ಎಂದು ಅವಳು ಹೇಳುತ್ತ ಹೋದಳು.

“ಮತ್ತೆ ನನ್ನ ಬೈಕು?”

“ಅದನ್ನ ಯಾರ್ರೀ ಗಾಡಿ ಅಂತ ಲೆಕ್ಕ ಹಾಕಿದ್ರು?”

ಮುಂದಿನ ಸುದ್ದಿ ತಪ್ಪಿಹೋದೀತೆಂದು ಭಾವ ಹೆಲ್ಮೆಟ್ಟಿನ ಗಾಜೆತ್ತಿ, ಅವಳ ಭುಜದ ಮೇಲೆ ಇನ್ನಷ್ಟು ಮುಂದಕ್ಕೆ ಬಾಗಿದ.