ಅರ್ಧ ಇಸ್ತ್ರಿ ಹಗ್ಗದ ಮೇಲೆ

ಅವರ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗಿತ್ತು. ಹಿಂದಿನಿಂದ ನೋಡಿದರೆ, ಬರಿಗೈಯಲ್ಲಿ ನಡೆಯುವಾಗಲೂ ತುಂಬಿದ ಕೊಡ ಹಿಡಿದಿದ್ದಾರೆ ಅನ್ನಿಸುತ್ತಿತ್ತು. ಪ್ರಾಯದಿಂದಲೂ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಎಳೆದಾಡಿದ ಭುಜ ಅದು. ಯಲಬುರ್ಗಾದ ಬಸ್ ನಿಲ್ದಾಣದ ಹತ್ತಿರ, ಬೇವಿನ ಮರದ ಕೆಳಗೆ ಅವರ ತಳ್ಳುಗಾಡಿ ನಿಂತಿರುತ್ತಿತ್ತು. ಊರಿಗೆಲ್ಲ ಅವರು ಇಸ್ತ್ರಿ ಚಾಚಾ. ನನಗೂ ಅಷ್ಟೇ.

ಮದುವೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ ನಾನು ಗಮನಿಸಿದ್ದು ಅವರ ಬಿಳಿ ಅಂಗಿಯನ್ನು. ಅದರ ತೋಳಿನ ಮೇಲೆ ಇಸ್ತ್ರಿಯ ಗೆರೆ ಇರುತ್ತಿರಲಿಲ್ಲ. ಹಾಗಂತ ಒಂದು ಸುಕ್ಕೂ ಇರುತ್ತಿರಲಿಲ್ಲ. ಬಾಯಿ ಸುಮ್ಮನಿರಬೇಕಲ್ಲ, ಒಂದು ದಿನ ಕೇಳಿಯೇ ಬಿಟ್ಟೆ.

"ಚಾಚಾ, ಊರ ಮಂದಿ ಅಂಗಿಗೆಲ್ಲಾ ಇಸ್ತ್ರಿ ಮಾಡ್ತೀರಿ, ನಿಮ್ಮ ಅಂಗಿಗೆ ಯಾಕ ಮಾಡಂಗಿಲ್ರಿ?"

"ಆಗೈತಲ್ರೀ ಮೇಡಮ್ಮಾರ. ಹಗ್ಗದ ಮ್ಯಾಲ ಆಗೈತಿ," ಎಂದು ನಕ್ಕರು.

ಇವರಿಗೆ ತಮಾಷೆ ಜಾಸ್ತಿ ಅಂದುಕೊಂಡು ನಾನು ಕಚೇರಿಗೆ ನಡೆದೆ. ಆ ಮಾತಿನ ಬೆಲೆ ತಿಳಿಯಲು ನನಗೆ ಒಂಬತ್ತು ವರ್ಷ ಬೇಕಾಯಿತು.

ಆಗ ನಾನು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ. ಮನೆಯಲ್ಲಿ ಆರು ಜನ: ಮಾವ, ಅತ್ತೆ, ನಾವಿಬ್ಬರು, ಎರಡು ಮಕ್ಕಳು. ಗಂಡ ಕುಷ್ಟಗಿಯ ಶಾಲೆಯೊಂದರಲ್ಲಿ ಮೇಷ್ಟ್ರು, ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯೇ ಮನೆ. ಮಾವನವರು ಮುನಿರಾಬಾದಿನಲ್ಲಿ ಕಾಲುವೆ ಅಳೆಯುವ ಕೆಲಸ ಮಾಡಿ ನಿವೃತ್ತರಾದವರು. ನೌಕರಿಯಿಂದ ಅವರು ಬಂದರೇ ಹೊರತು ನೌಕರಿ ಅವರಿಂದ ಹೋಗಲಿಲ್ಲ. ಅಂಗಿ ಧೋತರ ಸರಿ, ಟವೆಲ್ಲು, ಬನಿಯನ್ನು, ದಿಂಬಿನ ಚೀಲ ಎಲ್ಲಕ್ಕೂ ಇಸ್ತ್ರಿ ಆಗಲೇಬೇಕು. "ಸುಕ್ಕು ಅಂದ್ರ ಆಲಸ್ಯದ ಗುರ್ತು," ಎಂದು ದಿನಕ್ಕೊಮ್ಮೆ ಹೇಳದಿದ್ದರೆ ಅವರಿಗೆ ಉಂಡದ್ದು ಕರಗುತ್ತಿರಲಿಲ್ಲ.

ಧೋತರ ಮತ್ತು ಗಂಡನ ಅಂಗಿಗಳು ಚಾಚಾನ ಗಾಡಿಗೆ ಹೋಗುತ್ತಿದ್ದವು. ಉಳಿದ ಗುಡ್ಡ ನನ್ನದು. ನಮ್ಮ ಓಣಿಯಲ್ಲಿ ನಲ್ಲಿ ನೀರು ಬಂದ ದಿನವೇ ಬಟ್ಟೆಯ ದಿನ. ಒಗೆಯಲು ಮಷಿನ್ ತಂದಿದ್ದೆವು, ನಿಜ. ಆದರೆ ಅದು ಒಗೆಯುವ ಕಷ್ಟ ತಪ್ಪಿಸಿ ಬಟ್ಟೆಯನ್ನು ಹಗ್ಗದಂತೆ ಹೊಸೆದು ಕೊಡುತ್ತಿತ್ತು. ಅಡುಗೆ, ಮಕ್ಕಳ ಡಬ್ಬಿ, ಸ್ನಾನ ಎಲ್ಲ ಮುಗಿಸಿ ಬಂದು, ಆ ಹೊಸೆದ ಉಂಡೆಗಳನ್ನು ಎತ್ತಿ ಹಗ್ಗದ ಮೇಲೆ ಎಸೆದು ಓಡುತ್ತಿದ್ದೆ. ಸಂಜೆ ಬರುವಷ್ಟರಲ್ಲಿ ಬಿಸಿಲಿಗೆ ಅವು ಹಪ್ಪಳವಾಗಿರುತ್ತಿದ್ದವು. ಆ ಹಪ್ಪಳವನ್ನು ಮತ್ತೆ ಬಟ್ಟೆ ಮಾಡುವುದರಲ್ಲೇ ನನ್ನ ಸಂಜೆಗಳು ತೀರುತ್ತಿದ್ದವು.

ಅದೇ ಸಂಜೆಗಳಲ್ಲಿ ನಾನು ಇಲಾಖಾ ಪರೀಕ್ಷೆಗೆ ಓದಬೇಕಿತ್ತು. ಪರೀಕ್ಷೆ ಪಾಸಾಗದೆ ಬಡ್ತಿ ಇಲ್ಲ. ನನಗಿಂತ ಆರು ವರ್ಷ ಚಿಕ್ಕ ಹುಡುಗನೊಬ್ಬ ಪಾಸು ಮಾಡಿ ಮೇಲೆ ಹೋಗಿ, ನನ್ನ ಕಡತಗಳ ಮೇಲೆ ಷರಾ ಬರೆಯುತ್ತಿದ್ದ. ಅದೂ ಕಾಗುಣಿತ ತಪ್ಪಿಟ್ಟು! ಆ ಉರಿಯಲ್ಲೇ ಒಮ್ಮೆ ಪರೀಕ್ಷೆಗೆ ಕೂತೆ. ಒಂದು ಕೈಯಲ್ಲಿ ಇಸ್ತ್ರಿಪೆಟ್ಟಿಗೆ, ಇನ್ನೊಂದರಲ್ಲಿ ನೋಟ್ಸಿನ ಹಾಳೆ ಹಿಡಿದು ಓದಿದರೆ ಏನಾಗಬೇಕೋ ಅದೇ ಆಯಿತು. ನಪಾಸಾದೆ, ಒಂದು ದಿಂಬಿನ ಚೀಲವೂ ಸುಟ್ಟಿತು. "ಮನಿ ನೋಡ್ಕೊಂಡು ನೌಕರಿ ಮಾಡೂದ ದೊಡ್ಡದು, ಪರೀಕ್ಷಿ ಯಾಕ ಬೇಕವ್ವ?" ಎಂದರು ಮಾವ. ಸಮಾಧಾನ ಹೇಳಲೆಂದೇ ಅಂದದ್ದು. ನನಗೆ ಮಾತ್ರ ಅದು ಬಾಗಿಲು ಹಾಕಿದ ಸದ್ದಿನ ಹಾಗೆ ಕೇಳಿಸಿತು. ನೋಟ್ಸಿನ ಕೊನೆಯ ಹಾಳೆಯ ಮೇಲೆ 'ಇನ್ನು ಸಾಕು' ಎಂದು ಬರೆದು ಅದನ್ನೆಲ್ಲ ಇಸ್ತ್ರಿಗಿಟ್ಟ ಬಟ್ಟೆಗಳ ನಡುವೆ ತುರುಕಿದೆ. ಮುಂದಿನ ಪರೀಕ್ಷೆಗೆ ಅರ್ಜಿ ಹಾಕುವ ಕೊನೆಯ ದಿನ ಹತ್ತಿರ ಬಂದರೂ ಸುಮ್ಮನಿದ್ದೆ.

ಆ ವಾರ ನಮ್ಮ ಮನೆಯ ಇಸ್ತ್ರಿಪೆಟ್ಟಿಗೆ ಕೆಟ್ಟಿತು. ಇದ್ದ ಬಟ್ಟೆಯನ್ನೆಲ್ಲ ಚಾದರದಲ್ಲಿ ಗಂಟು ಕಟ್ಟಿ ಚಾಚಾನ ಗಾಡಿಗೆ ಹಾಕಿ ಬಂದೆ. ಗಂಟಿನ ಒಳಗೆ ನೋಟ್ಸೂ ಹೋಯಿತು. ನನಗದು ನೆನಪೇ ಇರಲಿಲ್ಲ.

ಭಾನುವಾರ ಮುಂಜಾನೆ ಚಾಚಾ ತಾವೇ ಗಂಟು ಹೊತ್ತು ಬಂದರು. ಎಂದೂ ಹಾಗೆ ಮನೆಗೆ ಬಂದವರಲ್ಲ. ಗಂಟಿನ ಮೇಲೆ ನನ್ನ ಹಾಳೆಗಳಿದ್ದವು. ಮುದುಡಿದ ಮೂಲೆಗಳೆಲ್ಲ ನೆಟ್ಟಗಾಗಿ, ಹೊಸ ನೋಟಿನ ಕಟ್ಟಿನಂತೆ ಚಪ್ಪಟೆಯಾಗಿ ಕೂತಿದ್ದವು. ಅರಿಶಿನದ ಬೆರಳ ಗುರುತು ಮಾತ್ರ ಹಾಗೇ ಇತ್ತು.

"ಮಡಿಕಿ ಬಿದ್ದಿದ್ವು, ಹಗೂರಕ ಪೆಟಗಿ ಆಡಿಸೀನ್ರಿ. ಒಂದು ಅಕ್ಷರ ಸುಟ್ಟಿಲ್ಲ," ಎಂದರು. ಆಮೇಲೆ ಕೊನೆಯ ಹಾಳೆ ತೋರಿಸಿ, "ಇಲ್ಲಿ 'ಇನ್ನು ಸಾಕು' ಅಂತ ಬರದೀರಲ್ಲ, ಏನ್ರಿ ಸಾಕಾಗಿದ್ದು?" ಎಂದು ಕೇಳಿದರು.

ನನ್ನ ಮನೆಯಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಕಣ್ಣು ತುಂಬಿ ಬಂತು. ಪರೀಕ್ಷೆ, ಸಂಜೆ, ಬಟ್ಟೆಯ ಗುಡ್ಡ ಎಲ್ಲ ಹೇಳಿಕೊಂಡೆ. ಚಾಚಾ ನನ್ನ ಮುಖ ನೋಡಲಿಲ್ಲ. ಅಂಗಳದ ಹಗ್ಗವನ್ನೇ ನೋಡುತ್ತಿದ್ದರು. ಅವತ್ತು ನೀರು ಬಂದ ದಿನ. ಹಗ್ಗದ ತುಂಬ ನಾನು ಆಗಷ್ಟೇ ಎಸೆದ ಉಂಡೆಗಳು.

"ಯಾರ್ರಿ ಹಿಂಗ ಬಟ್ಟಿ ಹಾಕಿದ್ದು?"

"ನಾನ ರೀ."

"ನೀವು ನಪಾಸ್ ಆಗಿದ್ದು ಪರೀಕ್ಷಾದಾಗ ಅಲ್ಲ ಬೇಟಿ. ಈ ಹಗ್ಗದ ಮ್ಯಾಲ."

ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಚಪ್ಪಲಿ ಬಿಟ್ಟು ಅಂಗಳಕ್ಕಿಳಿದು ಒಂದೊಂದೇ ಬಟ್ಟೆ ತೆಗೆಯತೊಡಗಿದರು. ಅಂಗಿಯನ್ನು ಫಟ್ ಫಟ್ ಫಟ್ ಎಂದು ಮೂರು ಸಲ ಜಾಡಿಸಿದರು. ಗುಂಡಿ ಹಾಕಿದರು. ಕಾಲರನ್ನು ಎರಡು ಅಂಗೈ ನಡುವೆ ಒತ್ತಿದರು. ಕೆಳ ಅಂಚು ಹಗ್ಗಕ್ಕೆ ಬರುವಂತೆ ತಲೆಕೆಳಗಾಗಿ ಹಾಕಿ ಚಿಮಟ ಸಿಕ್ಕಿಸಿದರು. ಪ್ಯಾಂಟಿನ ಹೊಲಿಗೆಗೆ ಹೊಲಿಗೆ ಕೂಡಿಸಿ ಪಾದದ ಕಡೆಯಿಂದ ತೂಗುಹಾಕಿದರು. "ಸೊಂಟದ ಭಾರ ಕೆಳಗ ಎಳೀತೈತ್ರಿ, ಗೆರಿ ತಾನ ಕೂಡ್ತೈತಿ. ಮಷಿನ್ ನಿಂತ ಕೂಡ್ಲೆ ತಗೀರಿ, ಗಂಟು ಕಟ್ಟಿ ಕೂಡಾಕ ಬಿಡಬ್ಯಾಡ್ರಿ. ಪೂರ್ತಿ ಒಣಗಸಬ್ಯಾಡ್ರಿ. ಕೈಗೆ ತುಸು ತಂಪು ಹತ್ತೂ ಹೊತ್ತಿಗೆ ತಗದು, ಅಲ್ಲೇ ಮಡಚಿ, ತುಸು ಹೊತ್ತು ನೆರಳಿನ ಗಾಳಿಗೆ ಇಟ್ಟು, ಆಮ್ಯಾಲ ಗಾದಿ ಬುಡಕ ಇಡ್ರಿ. ಅರ್ಧಾ ಇಸ್ತ್ರಿ ಹಗ್ಗದ ಮ್ಯಾಲ ಆಗ್ತೈತಿ. ಇನ್ನರ್ಧಾ ಗಾದಿ ಬುಡಕ."

"ಮತ್ತ ನಿಮ್ಮ ಪೆಟಗಿಗೆ ಏನ್ ಉಳೀತ್ರಿ?"

"ಲಗ್ನ ಮಾಡವ್ರು, ಭಾಷಣ ಮಾಡವ್ರು ಇರೂ ತನಕ ನನ್ನ ಪೆಟಗಿಗೆ ಬರ ಇಲ್ಲ ಬಿಡ್ರಿ."

ಆಗ ಡಬಲ್ ಬೆಡ್ಡಿನ ಚಾದರದ ಸರದಿ ಬಂತು. ಅದಕ್ಕೆ ಇಬ್ಬರು ಬೇಕು. ಗಂಡ ಅವತ್ತು ಮಕ್ಕಳನ್ನು ಕರೆದುಕೊಂಡು ಪೇಟೆಗೆ ಹೋಗಿದ್ದರು. ನಾನು ಕೈ ಚಾಚಿದೆ. ಚಾಚಾ ನನಗೆ ಒಂದು ತುದಿ ಕೊಟ್ಟು, ತಾವು ಹಿಂದೆ ಸರಿದು, ಪಡಸಾಲೆಯ ಕುರ್ಚಿಯಲ್ಲಿ ಪೇಪರು ಓದುತ್ತಿದ್ದ ಮಾವನವರ ಕಡೆ ತಿರುಗಿದರು.

"ಸಾಹೇಬ್ರ, ಆ ತುದಿ ಹಿಡೀರಿ."

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಉಸಿರು ಹಿಡಿದು ನಿಂತರು. ಮಾವನವರು ಒದ್ದೆ ಬಟ್ಟೆ ಮುಟ್ಟಿದ್ದನ್ನು ಲಗ್ನವಾದಾಗಿನಿಂದ ಅವರು ಕಂಡಿರಲಿಲ್ಲ. ಮಾವ ಪೇಪರು ಇಳಿಸಿ, ಕನ್ನಡಕದ ಮೇಲಿನಿಂದ ನೋಡಿ, "ಏನಂದ್ರಿ?" ಎಂದರು.

"ಕಾಲುವಿ ಉದ್ದಕ್ಕ ಟೇಪ್ ಎಳದ ಕೈ ಅದಾವಲ್ರಿ ನಿಮ್ವು. ಟೇಪ್ ಸಡ್ಲಾದ್ರ ಅಳತಿ ತಪ್ತೈತಿ ಅಂತ ಈ ಊರಾಗ ನಿಮಗಿಂತ ಯಾರಿಗೆ ಗೊತ್ತೈತಿ? ಚಾದರಾನೂ ಹಂಗ ರೀ. ಸಡ್ಲು ಹಿಡದವ್ರಿಗೆ ಬರಂಗಿಲ್ಲ."

ಮಾವ ಎದ್ದರು. ಬಂದು ತುದಿ ಹಿಡಿದರು. ಮೊದಲ ಸಲ ನಾನು ಎಳೆದಾಗ ಅವರು ಬಿಟ್ಟರು, ಅವರು ಎಳೆದಾಗ ನಾನು ಬಿಟ್ಟೆ. "ಎತ್ತು ಏರಿಗೆ ಎಳೀತಂತ, ಕ್ವಾಣ ನೀರಿಗೆ ಎಳೀತಂತ," ಎಂದರು ಅತ್ತೆ ಬಾಗಿಲಿಂದಲೇ. ಯಾರು ಎತ್ತು, ಯಾರು ಕೋಣ ಎಂದು ಅವರು ಬಿಡಿಸಿ ಹೇಳಲಿಲ್ಲ. ಮೂರನೆಯ ಸಲಕ್ಕೆ ಚಾದರ ಗಾಳಿಯಲ್ಲಿ ನಿಂತು ಫಟ್ಟೆಂದಿತು. ಹನಿಗಳು ನಮ್ಮೆಲ್ಲರ ಮುಖಕ್ಕೆ ಸಿಡಿದವು. ಮಾವ ನಕ್ಕರು. ಅಷ್ಟು ಜೋರಾಗಿ ಅವರು ನಕ್ಕದ್ದನ್ನು ನಾನು ಕೇಳಿಯೇ ಇರಲಿಲ್ಲ.

ಇದೇ ತಕ್ಕ ಹೊತ್ತು ಎಂದು ಚಾಚಾ, ಗಂಟು ಕೊಟ್ಟ ಮೇಲೆ ನಾನು ಒಣಗಿಸಿಟ್ಟಿದ್ದ ಬಟ್ಟೆಯ ರಾಶಿಗೂ ಕೈ ಹಾಕಿದರು. ಕಾಲರ್ ಇದ್ದದ್ದು ಒಂದು ಕಡೆ, ಇಲ್ಲದ್ದು ಇನ್ನೊಂದು ಕಡೆ. "ಕಾಲರಿಗೆ ಪೆಟಗಿ ಬೇಕ್ರಿ, ಒಪ್ಪಿದೆ. ಟವೆಲ್ಲಿಗೆ ಯಾಕ್ರಿ ಸಾಹೇಬ್ರ? ಅದೇನ್ ಲಗ್ನಕ್ಕ ಹೊಂಟೈತೇನು?"

"ಶಿಸ್ತು ಅನ್ನೂದೊಂದು ಐತಲ್ರಿ," ಎಂದರು ಮಾವ, ದನಿ ಸ್ವಲ್ಪ ಇಳಿಸಿ.

"ಶಿಸ್ತು ಮಡಚೂದ್ರಾಗ ಐತ್ರಿ. ಸುಡೂದ್ರಾಗ ಇಲ್ಲ."

ಮಾವನವರ ಸ್ವಭಾವ ಬದಲಾಯಿತು ಅಂದರೆ ಸುಳ್ಳಾಗುತ್ತದೆ. ಅದೇ ಸ್ವಭಾವ ಕುರ್ಚಿಯಿಂದ ಎದ್ದು ಅಂಗಳಕ್ಕೆ ಹೋಯಿತು, ಅಷ್ಟೇ. ಜೋತು ಬಿದ್ದ ಹಗ್ಗ ಬಿಚ್ಚಿಸಿ ತಂತಿ ಕಟ್ಟಿಸಿದರು. ಕಾಲುವೆಗೆ ಹಾಕುವ ಹಾಗೆ ಅಂಗಿಯ ಅಗಲಕ್ಕೊಂದು ಕೆಂಪು ಬಣ್ಣದ ಗುರುತು ಹಾಕಿದರು. ಮಷಿನ್ ನಿಂತ ಸದ್ದಿಗೆ ಪೇಪರು ಬಿಟ್ಟು ಏಳತೊಡಗಿದರು. ಎದುರು ಮನೆಯವರು "ಏನ್ರೀ, ಯಜಮಾನ್ರು ಅರಿವಿ ಹಾಕ್ಲಿಕ್ಹತ್ಯಾರ?" ಎಂದು ನಕ್ಕರೆ, "ಬರ್ರಿ, ನಿಮ್ಮ ಹಗ್ಗಾನೂ ಡೊಂಕೈತಿ, ನೋಡ್ತೀನಿ," ಎನ್ನುತ್ತಿದ್ದರು. ಗುಡ್ಡದಷ್ಟಿದ್ದ ಇಸ್ತ್ರಿ ಮಕ್ಕಳ ಯೂನಿಫಾರ್ಮಿನ ಅಂಗಿಗಳಿಗೆ ಇಳಿಯಿತು. ನನಗೆ ನನ್ನ ಸಂಜೆಗಳು ವಾಪಸು ಸಿಕ್ಕವು. ಕೊನೆಯ ದಿನಕ್ಕೆ ಮೊದಲೇ ಅರ್ಜಿ ಹಾಕಿದೆ.

ಒಂದು ದಿನ ಗಾಡಿಯ ಹತ್ತಿರ ನಿಂತಾಗ ಮತ್ತೆ ಕೇಳಿದೆ. ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಳ್ಳುವ ಇಂಥ ವ್ಯಾಪಾರ ಯಾರು ಮಾಡುತ್ತಾರೆ, ಹೇಳಿ. ಈ ಸಲ ಅವರು ನಗಲಿಲ್ಲ. ಪೆಟ್ಟಿಗೆಯ ಬೂದಿ ಊದುತ್ತ, "ನನ್ನ ಮಗಳು ಭಾಳ ಶ್ಯಾಣ್ಯಾ ಇದ್ಲು ಬೇಟಿ. ಗಿರಾಕಿ ಜಾಸ್ತಿ ಆತು, ಕೈ ಸಾಲವಲ್ಲು ಅಂತ ಸಾಲಿ ಬಿಡಿಸಿ ಈ ಪೆಟಗಿ ಅಕಿ ಕೈಯಾಗ ಕೊಟ್ಟೆ. ಈಗ ಗಂಗಾವತಿಯಾಗ ಅದಾಳ, ಆರಾಮ ಅದಾಳ. ಒಂದಿನಾನೂ ನನಗ ಅಂದಿಲ್ಲ," ಎಂದರು. ಇನ್ನೊಮ್ಮೆ ಬೂದಿ ಊದಿ, "ಅಂದಿದ್ರ ಚಲೋ ಇತ್ತು," ಎಂದರು. ಬಟ್ಟೆ ತೆಗೆದುಕೊಂಡು ಮನೆಗೆ ಬಂದೆ.

ಪರೀಕ್ಷೆಯ ಮುಂಜಾನೆ ಕೊಪ್ಪಳದ ಬಸ್ಸಿಗೆ ಹೊರಟಾಗ ಚಾಚಾ ಗಾಡಿಯಿಂದಲೇ ಕೈ ಮಾಡಿ ಕರೆದರು. ಹಿಂದಿನ ದಿನ ಅತ್ತೆ ನನ್ನ ಇಳಕಲ್ ಸೀರೆಯನ್ನು ಅವರಿಗೆ ಕೊಟ್ಟು ಬಂದದ್ದು ನನಗೆ ಗೊತ್ತಿರಲಿಲ್ಲ. ಇನ್ನೂ ಬೆಚ್ಚಗಿದ್ದ ಸೀರೆಯನ್ನು ನನ್ನ ಕೈಗಿಟ್ಟು, "ಇವತ್ತ ಇಸ್ತ್ರಿ ಬೇಕ್ರಿ. ಮನಿಗೆ ಹೋಗಿ ಉಟ್ಕೊಂಡು ಬರ್ರಿ, ಇನ್ನೊಂದು ಬಸ್ ಐತಿ," ಎಂದರು. ಉಟ್ಟುಕೊಂಡು ಬಂದೆ. ಕೊಪ್ಪಳದವರೆಗೂ ಸೀಟಿಗೆ ಒರಗಲಿಲ್ಲ, ಸುಕ್ಕಾದೀತೆಂದು.

ಪಾಸಾದೆ. ಹೇಳಲು ಹೋದಾಗ ನಾಲ್ಕಾರು ಗಿರಾಕಿಗಳು ನಿಂತಿದ್ದರು. ಕೆಲಸದ ನಡುವೆ ಪೆಟ್ಟಿಗೆ ಕೆಳಗಿಡದ ಮನುಷ್ಯ ಅದನ್ನು ಇಟ್ಟು, ಕೈ ಒರೆಸಿಕೊಂಡು, ನನ್ನ ತಲೆಯ ಮೇಲೆ ಕೈ ಇಟ್ಟರು. "ಇನ್ನ ಷರಾ ನೀವು ಬರೀರಿ ಬೇಟಿ. ತಪ್ಪಿಲ್ಲದಂಗ ಬರೀರಿ."

ಬಡ್ತಿಯಾಗಿ ಈಗ ಕೊಪ್ಪಳದ ಕಚೇರಿಯಲ್ಲಿದ್ದೇನೆ, ದಿನಾ ಬಸ್ಸು. ಹೋದ ವರ್ಷ ಚಳಿಗಾಲದಲ್ಲಿ ಎರಡೇ ದಿನದ ಜ್ವರದಲ್ಲಿ ಚಾಚಾ ಹೋಗಿಬಿಟ್ಟರು. ಗಂಡ ಫೋನು ಮಾಡಿ ಹೇಳಿದರು. ರಜೆ ಹಾಕಿ ಬಸ್ಸು ಹಿಡಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಣ್ಣಿಗೆ ಹೋಗಿದ್ದ ಮಾವನವರು ಸ್ನಾನ ಮಾಡಿ ಕಟ್ಟೆಯ ಮೇಲೆ ಕೂತಿದ್ದರು. ನಾನು ಕೇಳುವ ಮೊದಲೇ ಮಾತು ಶುರು ಮಾಡಿದರು.

"ಚಾಚಾನ ಮ್ಯಾಲ ಹೊದಸೂ ಹಸರು ಚಾದರ ಟ್ರಂಕಿನಾಗಿಂದ ತಗದ್ರವ್ವ. ಭಾಳ ದಿನಾ ಮಡಚಿ ಇಟ್ಟಿದ್ದು, ಬರೀ ಸುಕ್ಕು. ಒಂದು ತುದಿ ಅವ್ರ ಅಳಿಯಾ ಹಿಡದಿದ್ದ. ಈ ಕಡೆ ತುದಿ ನಾ ಹಿಡದೆ. ನನಗ ಯಾರೂ ಹಿಡಿ ಅಂದಿರಲಿಲ್ಲ. ಮೂರು ಸಲ ಜಾಡಿಸಿದ್ವಿ." ಎರಡೂ ಕೈಗಳನ್ನು ಹಾಗೇ ಮುಂದೆ ಚಾಚಿ, ಏನನ್ನೋ ಬಿಗಿಯಾಗಿ ಹಿಡಿದವರಂತೆ ಕೂತಿದ್ದರು. "ಒಂದೂ ಸುಕ್ಕು ಉಳೀಲಿಲ್ಲ ನೋಡವ್ವ. ಮಗಳು ನೋಡಿದ್ಲು. ನಮ್ಮ ಅಬ್ಬಾ ಹಿಂಗ ಹಾಕ್ತಿದ್ರು ಅಂದ್ಲು."

ನಾನು ಬಾಗಿಲಿಗೆ ಒರಗಿ ಅತ್ತುಬಿಟ್ಟೆ. ಚಾಚಾಗೆ ನಾನು ಸಲ್ಲಿಸಬೇಕಾದ ಕೃತಜ್ಞತೆಯನ್ನು ಬಾಯಿಬಿಟ್ಟು ಹೇಳಿರಲೇ ಇಲ್ಲ. ಹೇಳಿದ್ದರೆ "ಹಗ್ಗಕ್ಕ ಹೇಳ್ರಿ" ಎನ್ನುತ್ತಿದ್ದರೇನೋ.

ಮರುದಿನ ನೀರು ಬಂತು. ನಾನು ಬಸ್ಸಿಗೆ ಹೊರಡುವ ಹೊತ್ತಿಗೇ ಮಷಿನ್ ನಿಂತಿತು. ಡಬಲ್ ಬೆಡ್ಡಿನ ಚಾದರ ಇದೆಯಲ್ಲ ಎಂದು ಚೀಲ ಕೆಳಗಿಟ್ಟು ಅಂಗಳಕ್ಕೆ ಬಂದೆ. ಮಾವ ಆಗಲೇ ಒಂದು ತುದಿ ಹಿಡಿದು ನಿಂತಿದ್ದರು. ನನ್ನನ್ನು ನೋಡಿ ತಲೆಯಾಡಿಸಿದರು.

"ನೀ ನಡಿಯವ್ವ, ನಿನಗ ಬಸ್ ತಪ್ತೈತಿ." ಅಡುಗೆಮನೆಯ ಕಡೆ ತಿರುಗಿ ಅತ್ತೆಯನ್ನು ಕೂಗಿದರು: "ಏ, ಇಲ್ಲಿ ಬಾ. ಆ ತುದಿ ಹಿಡಿ."