ಮಾರಯ್ಯನ ನಾಲಿಗೆ

ತುರುವೇಕೆರೆಯ ಹೊರಗೆ, ಹೆಂಡದಂಗಡಿಯ ಹಿಂದಿನ ಹಂಚಿನ ಕೊಠಡಿಯಲ್ಲಿ ಮಾರಯ್ಯ ಒಬ್ಬನೇ ಇದ್ದ. ಬೇರೆ ಬೇರೆ ಮರದ ಹೆಂಡವನ್ನು ಹದವಾಗಿ ಕೂಡಿಸುವುದು ಅವನ ಕೆಲಸ. ಕೊಬ್ಬರಿ ಸೀಮೆಯಲ್ಲಿ ತೆಂಗಿನ ಹೊಂಬಾಳೆಯನ್ನು ಹೆಂಡಕ್ಕೆ ಬಿಟ್ಟುಕೊಡುವವರು ಕಡಿಮೆ. ಬರುವುದು ಹೆಚ್ಚಾಗಿ ಈಚಲಿನದು. ಕೆರೆ ಬಯಲಿನ ಈಚಲ ಹೆಂಡ ತೆಳು, ಹೊಲದ ಬದುವಿನದು ಚುರುಕು, ತೆಂಗಿನದು ಮಂದ, ಸಿಹಿ. ಬೆಳಿಗ್ಗೆ ಮರದಿಂದ ಇಳಿದ ಮಡಕೆಗಳನ್ನು ಅವನು ಒಂದೊಂದಾಗಿ ಮೂಸುತ್ತಿದ್ದ. ಒಂದು ಗುಟುಕು ಬಾಯಲ್ಲಿ ಆಡಿಸಿ ಉಗುಳಿ, ತಣ್ಣೀರಿನಲ್ಲಿ ಮುಕ್ಕಳಿಸುತ್ತಿದ್ದ. ಪೀಪಾಯಿಗೆ ತೆಳ್ಳಗಿನದು ಮೊದಲು, ಚುರುಕಿನದು ಆಮೇಲೆ, ತೆಂಗಿನದು ಕೊನೆಗೆ. ಅಕ್ಕಿ ತೊಳೆದ ನೀರಿನ ಬಿಳುಪು ಬರಬೇಕು. ಮೂರೂ ಒಂದೇ ಮರದಿಂದ ಇಳಿದಂತೆ ಬಾಯಿಗೆ ಹತ್ತಬೇಕು.

ಇದಕ್ಕಾಗಿ ಹನ್ನೊಂದು ವರ್ಷದಿಂದ ಅವನು ಖಾರ ಮುಟ್ಟಿರಲಿಲ್ಲ. ಎಲೆಯಡಿಕೆ, ಬೀಡಿ, ಬೆಳ್ಳುಳ್ಳಿ ಯಾವುದೂ ಇಲ್ಲ. ರಾಗಿ ಗಂಜಿ, ಮಜ್ಜಿಗೆ, ಅಷ್ಟೇ. ಹೆಣ್ಣು ನೋಡಲು ಹೋದ ಮನೆಯಲ್ಲಿ ಉಪ್ಪಿಟ್ಟಿನ ತಟ್ಟೆ ಮುಟ್ಟದೆ ಎದ್ದುಬಂದಿದ್ದ. ಆ ಮಾತು ಅಲ್ಲಿಗೇ ಮುರಿಯಿತು. ನೆಂಟರ ಪಂಕ್ತಿಯಲ್ಲಿ ಕೂರುವುದನ್ನು ಬಿಟ್ಟ. ಕೂರದವನನ್ನು ಅವರು ಕರೆಯುವುದನ್ನೂ ಬಿಟ್ಟರು.

ಮಾಯಸಂದ್ರದ ಅಕ್ಕ ಕೆಂಪಕ್ಕ ಮಾತ್ರ ಬಿಟ್ಟಿರಲಿಲ್ಲ. ಸಾವಿರದ ಒಂಬೈನೂರ ಎಪ್ಪತ್ತೆಂಟರ ಮಾಗಿಯಲ್ಲಿ ಅವಳೇ ಬಸ್ಸು ಹತ್ತಿ ಬಂದಳು.

“ಮೊಮ್ಮಗನಿಗೆ ಹೆಸರಿಡ್ತೀವಿ ಕಣ್ಲಾ. ಬಂದು ಉಣ್ಬೇಕು.”

“ಬತ್ತೀನಕ್ಕ. ಊಟ ಒಂದ್ ಬುಡು.”

“ನನ್ ಕೈಯಡುಗೆ ನಿನ್ ನಾಲ್ಗೆಗೆ ಮೈಲಿಗೆಯೇನ್ಲಾ? ಹೆಂಡಕ್ಕೆ ಇಷ್ಟು ಮಡಿ ಮಾಡೋನ್ನ ನಾನೆಲ್ಲೂ ಕಾಣೆ. ಈ ಸಲ ಉಣ್ಣದೇ ಹೋದ್ರೆ ಇನ್ ಕರಿಯಾಕಿಲ್ಲ, ತಿಳ್ಕೊ.”

ಹೋದ. ಮುದ್ದೆ, ಹುರುಳಿಕಾಳಿನ ಬಸ್ಸಾರು. ಅಕ್ಕ ಎದುರಿಗೇ ನಿಂತಿದ್ದಳು. ನಾಲಿಗೆ ಉರಿಯುತ್ತಿದ್ದಷ್ಟು ಹೊತ್ತೂ ಅವನಿಗೆ ಮರುದಿನದ ಮಡಕೆಗಳದೇ ಯೋಚನೆ. ಸಾರಿನ ರುಚಿ ಹೇಗಿತ್ತೋ ನೆನಪಿಗೆ ನಿಲ್ಲಲಿಲ್ಲ. ಹೊರಡುವಾಗ ಅವಳು ಬಸ್ಸಾರಿನ ಖಾರ ಒಂದು ಉಂಡೆಯಷ್ಟನ್ನು ಬಾಳೆಲೆಯಲ್ಲಿ ಕಟ್ಟಿಕೊಟ್ಟಳು.

ಮರುದಿನ ಅಂದುಕೊಂಡಂತೆಯೇ ಆಯಿತು. ಮೂರು ಬಗೆಯದೂ ನಾಲಿಗೆಗೆ ಬರೀ ನೀರು. ಕಣ್ಣಳತೆಯಲ್ಲಿ ಕೂಡಿಸಿ, ಪೀಪಾಯಿಯನ್ನು ಮುಂದಕ್ಕೆ ಉರುಳಿಸಿ, ಬಾಗಿಲ ಹಿಂದೆ ಕೂತು ಬೈಗುಳಕ್ಕೆ ಕಾದ. ದಿನವೂ ಬರುವ ಗಾಡಿ ವೆಂಕಟಯ್ಯನ ದನಿ ಕೇಳಿತು.

“ಇವತ್ತಿಂದು ಹೆಂಗೈತೆ ವೆಂಕಟಯ್ಯ?” ಅಂಗಡಿಯವನು ಕೇಳಿದ.

“ಹೆಂಗಿರ್ತದೆ? ದಿನಾ ಇದ್ದಂಗೇ ಐತೆ. ಹೆಂಡ ಅಂದ್ರೆ ಹೆಂಡ ಕಣಪ್ಪ. ಇನ್ನೊಂದ್ ಮಗ್ಗು ಬುಡು.”

ಸಂಜೆಯವರೆಗೂ ಯಾರೂ ಏನೂ ಅನ್ನಲಿಲ್ಲ. ಅಷ್ಟರಲ್ಲಿ ನಾಲಿಗೆ ತಿಳಿಯಾಗಿತ್ತು. ಪೀಪಾಯಿಯ ತಳದಲ್ಲಿ ಉಳಿದದ್ದನ್ನು ಬಾಯಿಗೆ ಹಾಕಿಕೊಂಡ. ತೆಳ್ಳಗಿನದು ಒಂದು ಕಡೆ, ಚುರುಕಿನದು ಒಂದು ಕಡೆ, ಸಿಹಿ ಇನ್ನೊಂದು ಕಡೆ. ಬಸ್ಸಿಗೆ ಕಾದು ನಿಂತ ಪರವೂರಿನವರ ಹಾಗೆ ಮೂರೂ ಬೇರೆ ಬೇರೆ ನಿಂತಿದ್ದವು. ಅದು ಅವನೊಬ್ಬನಿಗೆ ಗೊತ್ತಾಯಿತು.

ಪೀಪಾಯಿ ತೊಳೆದು ಬೋರಲು ಹಾಕಿದ. ಒಲೆಯ ಮೇಲಿನ ಗಂಜಿ ಇಳಿಸಿ, ಗೂಡಿನಲ್ಲಿದ್ದ ಬಾಳೆಲೆ ಬಿಚ್ಚಿ, ಖಾರವನ್ನು ಪೂರ್ತಿ ಕಲಸಿಕೊಂಡ. ನಿಧಾನವಾಗಿ ಉಂಡ. ಬೆಳ್ಳುಳ್ಳಿ ತಿಳಿಯಿತು, ಜೀರಿಗೆ ತಿಳಿಯಿತು, ಹುರಿದ ಕಾಯಿಯೂ ತಿಳಿಯಿತು.

ಚೆನ್ನಾಗಿತ್ತು. ಹೇಳೋಣವೆಂದರೆ ಅಕ್ಕ ಮಾಯಸಂದ್ರದಲ್ಲಿದ್ದಳು.